ಬರಲ್ಲ ಅಂದ್ರೆ ಬರಲ್ಲ: ಖಾರ ಮಂಡಕ್ಕಿ ಬ್ಯಾಂಡಿಗೆ ಮೇ 38ರ ಕಾಗದ

ದಾವಣಗೆರೆ
ಮೇ 38, 2391

ಖಾರ ಮಂಡಕ್ಕಿ ಬ್ಯಾಂಡಿನ ಮಹನೀಯರಾದ ಮುಬೀನಾ, ತಿಪ್ಪೇಶ ಮತ್ತು ಬಕ್ಕೇಶ ಇವರಿಗೆ, ನಿಮ್ಮ ಕಾಲಕ್ಕೆ ಇನ್ನೂ ಹುಟ್ಟಿರದವನೊಬ್ಬನ ನಮಸ್ಕಾರ.

ತಾರೀಖು ನೋಡಿ ನಗಬೇಡಿ. ಮಳೆಗಾಲ ಜೂನ್ ಒಂದರಂದೇ ಶುರುವಾಗತಕ್ಕದ್ದು ಎಂದು ನಮ್ಮಲ್ಲಿ ಕಾನೂನು ಇದೆ. ಮಳೆ ಕಾನೂನು ಓದುವುದಿಲ್ಲ. ಆದ್ದರಿಂದ ಅದು ಬರುವ ತನಕ ಮೇ ತಿಂಗಳನ್ನೇ ಎಳೆಯುತ್ತಿರುತ್ತೇವೆ. ನನ್ನ ಅಜ್ಜಿಯ ಕಾಲದಲ್ಲಿ ಒಮ್ಮೆ ಮೇ ಎಪ್ಪತ್ತರವರೆಗೂ ಹೋಗಿತ್ತಂತೆ. ಸಂಬಳ ಮಾತ್ರ ಒಂದೇ ತಿಂಗಳಿನದು. ನನ್ನ ಭಾಷೆ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಬರವಣಿಗೆಯನ್ನು ನಾನು ಹಳೆಯ ಮದುವೆ ಕರೆಯೋಲೆಗಳಿಂದ ಕಲಿತವನು, ನಡುನಡುವೆ ತಮ್ಮ ಆಗಮನಾಭಿಲಾಷಿಯಾಗಿಬಿಟ್ಟರೆ ತಪ್ಪು ತಿಳಿಯಬಾರದು. ಆಡುಮಾತಿನ ಚಿಂತೆ ಬೇಡ. ಇಷ್ಟು ವರ್ಷಗಳಲ್ಲಿ ಎಲ್ಲವೂ ಬದಲಾಗಿದೆ, ದಾವಣಗೆರೆಯ 'ಐತಿ' ಮಾತ್ರ ಇನ್ನೂ ಐತಿ.

ನನ್ನ ಹೆಸರು ಸ್ಕೂಟರಪ್ಪ. ಇದಕ್ಕೂ ನಗಬೇಡಿ, ಕಾರಣ ನೀವೇ. ದಾವಣಗೆರೆ ಬಂಡಾಯ ಮಂಡಳಿಯ ಅಧ್ಯಕ್ಷನಾಗಿದ್ದೇನೆ. ಈ ಕಾಗದವನ್ನು ನಿಂತುಕೊಂಡು ಬರೆಯುತ್ತಿದ್ದೇನೆ, ಏಕೆಂದರೆ ಕೂತರೆ ಬಲಗಾಲು ತಾನಾಗಿ ನೆಲ ಕುಟ್ಟುತ್ತದೆ. ಬೆಳಗ್ಗಿನಿಂದ ಎದ್ದು ಕಿಟಕಿಗೆ ಹೋಗಿದ್ದೇನೆ, ವಾಪಸ್ಸು ಬಂದಿದ್ದೇನೆ, ನೀರು ಕುಡಿದಿದ್ದೇನೆ, ಕುಡಿದದ್ದು ಮರೆತು ಮತ್ತೆ ಕುಡಿದಿದ್ದೇನೆ. ನಾಳೆ ಒಡೆಹಬ್ಬ. ನಾಳೆ ನನ್ನ ಮೊಮ್ಮಗಳ ಸರದಿ.

ವಿಷಯವನ್ನು ಮೊದಲಿನಿಂದ ಹೇಳಬೇಕು. ಮಂಡಕ್ಕಿ ಭಟ್ಟಿಯ ಹಿಂದಿನ ತಗಡಿನ ಶೆಡ್ಡಿನಲ್ಲಿ ನೀವು ಮೂವರು ಸೇರಿ ಒಂದು ಆಲ್ಬಮ್ ಮಾಡಿದಿರಿ, ಹೆಸರು 'ಬರಲ್ಲ ಅಂದ್ರೆ ಬರಲ್ಲ'. ಅದರ ಹಾಡುಗಳೆಲ್ಲ ಸೇರಿ ಒಂದೇ ಕಥೆ. ರಾಜಿ ಎಂಬ ಹುಡುಗಿ ಬೆಳಗ್ಗೆ ಅಲಾರಾಂ ಒದೆಯುತ್ತಾಳೆ, ಪಿಯುಸಿ ಫೇಲಾದ ಸುದ್ದಿ ಕೇಳಿ ಕುಣಿಯುತ್ತಾಳೆ, ಅಪ್ಪನ ಸ್ಕೂಟರ್ ಕದ್ದು ಊರು ಬಿಡುತ್ತಾಳೆ, ಹರಿಹರದ ಸೇತುವೆಯ ಹತ್ತಿರ ಪೆಟ್ರೋಲ್ ಮುಗಿದು ಅದನ್ನು ತಳ್ಳುತ್ತಾಳೆ, ಕೊನೆಯ ಹಾಡಿನ ತುದಿಯಲ್ಲಿ 'ಫಟಾರ್' ಎಂದು ಏನೋ ಒಡೆಯುತ್ತದೆ. ನಿಮ್ಮ ಕಾಲದಲ್ಲಿ ಇದಕ್ಕೆ ಪಂಕ್ ರಾಕ್ ಎನ್ನುತ್ತಿದ್ದರಂತೆ. ನಮ್ಮಲ್ಲಿ ಇದು ಶಾಸ್ತ್ರೀಯ ಸಂಗೀತ. ಶಾಲೆಗಳಲ್ಲಿ ಬೆಳಗ್ಗೆ ಕೈಕಟ್ಟಿ ನಿಂತು ಹೇಳುವ ಪ್ರಾರ್ಥನೆ 'ಕೈ ಕಟ್ಟಬ್ಯಾಡ ಲೇ'. ಕೈ ಬಿಟ್ಟವರಿಗೆ ಬೆತ್ತ.

ಸ್ಕೂಟರ್ ತಳ್ಳಿದ್ದು ಯಾತ್ರೆಯಾಗಿದೆ. ಪ್ರತಿ ಮನೆಯಲ್ಲೂ ಎಂಜಿನ್ ಇಲ್ಲದ ಒಂದು ಸ್ಕೂಟರ್ ಇದೆ; ಮದುವೆಯಾದ ವರ್ಷ ಗಂಡಹೆಂಡತಿ ಅದನ್ನು ಹರಿಹರದ ಸೇತುವೆಯವರೆಗೆ ತಳ್ಳಿಕೊಂಡು ಹೋಗಬೇಕು. ನಡುವೆ ಜಗಳವಾದರೆ ಶುಭ. ಹೆಸರುಗಳನ್ನೂ ನಿಮ್ಮ ಹಾಡಿನಿಂದಲೇ ಆರಿಸುತ್ತೇವೆ. ನನ್ನ ಮಗಳು ಫೇಲಮ್ಮ, ಓದಿನಲ್ಲಿ ಜಿಲ್ಲೆಗೇ ಮೊದಲಿಗಳು. ಬಿಸಿಲಿಗೆ ಹೆದರಿ ನಾವು ಹಗಲೆಲ್ಲ ಒಳಗೇ ಇದ್ದು, ಇಳಿಹೊತ್ತಿನಲ್ಲಿ ತಂಪುಗಂಟೆ ಬಾರಿಸಿದ ಮೇಲೆ ಹೊರಗೆ ಬರುತ್ತೇವೆ. ಆ ಗಂಟೆಯ ನಾದವೂ ಎರಡನೆಯ ಹಾಡಿನಲ್ಲಿ ಬಕ್ಕೇಶನವರು ಬಾರಿಸಿದ ಡ್ರಮ್ಮಿನದೇ. ಅವರು ತಾಳ ತಪ್ಪಿದ ಜಾಗದಲ್ಲಿ ಇಡೀ ಊರು ಒಂದು ಹೆಜ್ಜೆ ಎಡವಿ ಮುಂದೆ ಹೋಗುತ್ತದೆ. ಎಡವದೆ ನಡೆದವರನ್ನು ಸಂಸ್ಕಾರವಿಲ್ಲದವರು ಎನ್ನುತ್ತೇವೆ.

ಇನ್ನು ಒಡೆಹಬ್ಬ. ಕೊನೆಯ 'ಫಟಾರ್' ಗಿಟಾರ್ ಒಡೆದ ಸದ್ದು ಎಂದು ನಮ್ಮ ಪಂಡಿತರು ಎಂದೋ ತೀರ್ಮಾನ ಮಾಡಿದರು. ಅಂದಿನಿಂದ ಹದಿನಾರು ತುಂಬಿದ ಪ್ರತಿ ಮಗುವೂ ಮಂಡಳಿಗೆ ಅರ್ಜಿ ಕೊಟ್ಟು, ಆಲ್ಬಮ್ ಪೂರ್ತಿ ಕೇಳಿ, ಫಟಾರ್ ಬಂದ ಕ್ಷಣಕ್ಕೆ ಸರಿಯಾಗಿ ಒಂದು ಗಿಟಾರ್ ಒಡೆಯಬೇಕು. ಒಡೆದವರಿಗೆ 'ಬಂಡಾಯಗಾರ' ಎಂಬ ಮುದ್ರೆ, ಕೆಲಸ, ಮನೆ. ಒಡೆಯದವರಿಗೆ 'ವಿಧೇಯ' ಎಂಬ ಮುದ್ರೆ. ಇದಕ್ಕಿಂತ ದೊಡ್ಡ ಬೈಗುಳ ನಮ್ಮಲ್ಲಿಲ್ಲ. ಅಂಥವರನ್ನು ಪಡುವಣದ ಕಡಲೊಡ್ಡಿಗೆ ಕಳಿಸುತ್ತಾರೆ. ಏರಿ ಬರುವ ಸಮುದ್ರವನ್ನು ತಡೆಯುವ ಆ ಗೋಡೆಯ ಮೇಲೆ ವರ್ಷಗಟ್ಟಲೆ ಕಾವಲು ನಿಲ್ಲಬೇಕು.

ಗಿಟಾರುಗಳನ್ನು ಭತ್ತದ ಹೊಟ್ಟು ಒತ್ತಿ ಮಾಡುತ್ತಾರೆ. ಮಕ್ಕಳ ಕೈ ನೋಯಬಾರದೆಂದು ಕುತ್ತಿಗೆಯ ಹತ್ತಿರ ಮೊದಲೇ ಸೀಳು ಬಿಟ್ಟಿರುತ್ತಾರೆ. ತಂತಿ ಇರುವುದಿಲ್ಲ, ತಂತಿಯ ಜಾಗದಲ್ಲಿ ಬಿಳಿ ಗೆರೆ ಎಳೆದಿರುತ್ತಾರೆ. ಗಿಟಾರ್ ಎಂದರೆ ಒಡೆಯುವ ವಸ್ತು ಎಂದೇ ನಾವೆಲ್ಲ ತಿಳಿದದ್ದು. ನಿಮ್ಮ ಆಲ್ಬಮ್ಮಿನಲ್ಲಿ ಅದು ಅಷ್ಟು ಹೊತ್ತು ಕಿರುಚುವುದು ಒಡೆಸಿಕೊಳ್ಳುವ ಭಯಕ್ಕೆ ಎಂದು ನನಗೆ ಶಾಲೆಯಲ್ಲಿ ಕಲಿಸಿದ್ದರು.

ನನ್ನ ಮೊಮ್ಮಗಳು ಕಿಡಿ ಹೋದ ತಿಂಗಳು, ಅಂದರೆ ಇದೇ ಮೇ ತಿಂಗಳ ಮೊದಲ ಭಾಗದಲ್ಲಿ, ಮನೆಯ ಯಾತ್ರೆಯ ಸ್ಕೂಟರಿನ ಕ್ಲಚ್ ಕೇಬಲ್ ಬಿಚ್ಚಿ ಎಳೆ ಎಳೆ ಮಾಡಿದಳು. ಹಬ್ಬಕ್ಕೆಂದು ಬಂದಿದ್ದ ಗಿಟಾರಿನ ಸೀಳಿಗೆ ಮೆಂತ್ಯದ ಅಂಟು ಹಚ್ಚಿ, ಬಿಳಿ ಗೆರೆಗಳ ಮೇಲೆ ಆ ಎಳೆಗಳನ್ನು ಬಿಗಿದಳು. ಆಮೇಲೆ ಬೆರಳಿನಿಂದ ಮೀಟಿದಳು. ಮಹನೀಯರೇ, ಆ ಸದ್ದನ್ನು ಬರೆಯಲು ನನಗೆ ಬರುವುದಿಲ್ಲ. ಬೆಕ್ಕು ಒಲೆಯ ಮೇಲೆ ಕಾಲಿಟ್ಟಂತಿತ್ತು. ನನಗಂತೂ ಕುರ್ಚಿಯಲ್ಲಿ ಕೂರಲಾಗಲಿಲ್ಲ.

"ಅಜ್ಜಾ, ಇದು ನುಡೀತೈತಿ!" ಎಂದಳು.

"ನುಡೀಲವ್ವ. ಹಬ್ಬದ ದಿನ ಒಂದೇಟು ಹಾಕಿ ಮನೀಗ್ ಬಾ. ಎಲ್ಲಾರೂ ಹಂಗೇ ಮಾಡಿದ್ದು."

"ಬಾಯಿ ಬಂದಿರೋದನ್ನ ಹೆಂಗ್ ಒಡೀಲಿ? ನೀ ಒಡದಿಯಲ್ಲ, ನಿಂದು ಏನಂತು?"

ನನ್ನದು ಏನೂ ಅಂದಿರಲಿಲ್ಲ. ಹೊಟ್ಟಿನ ಪುಡಿ ಮೂಗಿಗೆ ಹೋಗಿ ನಾನೇ ಸೀನಿದ್ದೆ, ಅಷ್ಟೇ. ಅಡುಗೆಮನೆಯಿಂದ ಅವಳ ತಾಯಿ ಫೇಲಮ್ಮ ಕೂಗಿದಳು: "ಯಪ್ಪಾ, ಆಕಿಗೆ ಬುದ್ಧಿ ಹೇಳಂದ್ರ ನೀನೇ ಕಿವಿ ಕೊಟ್ಕಂಡು ಕುಂತೀಯಲ್ಲ! ಕಡಲೊಡ್ಡಿಗೆ ಹೋದ ಮಕ್ಳು ಹೊಳ್ಳಿ ಬಂದಾಗ ಮಾತಾಡದನ್ನೇ ಮರ್ತಿರ್ತಾವು." ಕಿಡಿ ಮತ್ತೊಮ್ಮೆ ಮೀಟಿದಳು. ಫೇಲಮ್ಮನ ಕೈಯ ಸೌಟು ತಾನಾಗಿ ಕಡಾಯಿಗೆ ಎರಡು ಸಲ ಬಡಿದದ್ದನ್ನು ನಾನು ನೋಡಿದೆ. ಅವಳು ಒಪ್ಪುವುದಿಲ್ಲ.

ಕಿಡಿ ಅರ್ಜಿ ಕೊಡಲಿಲ್ಲವೆಂದು ಮಂಡಳಿಯಲ್ಲಿ ಸಭೆ ಸೇರಿತು. ಕಾರ್ಯದರ್ಶಿ ಅಲಾರಮ್ಮನವರು ಬಲು ನಿಷ್ಠುರದ ಹೆಂಗಸು. ಹುಟ್ಟಿದಾಗ ಅತ್ತದ್ದೂ ನಿಯಮದ ಪ್ರಕಾರವೇ ಇರಬೇಕು.

"ಅಧ್ಯಕ್ಷರೇ, ನಿಮ್ಮ ಮೊಮ್ಮಗಳು ಒಡೆಯಲ್ಲ ಅಂದ್ರೆ ಅದು ವಿಧೇಯತೆ. ಮುದ್ರೆ ಒತ್ತಿ ಕಳಿಸೋದೇ."

"ಆಕಿ ನಮ್ಮ ಮಾತೇ ಕೇಳವಲ್ಲಳು ಅಂದ್ರ ಅದು ಬಂಡಾಯ ಅಲ್ಲೇನ್ರೀ ಮೇಡಂ?"

"ಅರ್ಜಿ ಇಲ್ಲದ ಬಂಡಾಯಕ್ಕೆ ತಂಟೆ ಅಂತಾರೆ."

ಸದಸ್ಯರೆಲ್ಲ ಮೇಜು ಕುಟ್ಟಿದರು. ಮೇಜು ಕುಟ್ಟುವುದಕ್ಕೆ ಮುಂಚೆ ನನ್ನ ಅನುಮತಿ ಕೇಳಿದ್ದರು, ನಾನು ಕೊಟ್ಟಿದ್ದೆ. ಹೀಗೆ ನಾಳೆ ಸಂಜೆ ಕಿಡಿಯನ್ನು ಮೈದಾನಕ್ಕೆ ಕರೆತಂದು ಕೊನೆಯ ಅವಕಾಶ ಕೊಡುವುದೆಂದು ತೀರ್ಮಾನವಾಯಿತು. ಫಟಾರ್ ಬಂದಾಗ ಅವಳು ಒಡೆಯದಿದ್ದರೆ ಗಿಟಾರನ್ನು ಅಲಾರಮ್ಮನವರು ಒಡೆಯುತ್ತಾರೆ, ಮುದ್ರೆಯನ್ನು ನಾನು ಒತ್ತಬೇಕು. ಅವಳು ಒಡೆಯುವುದಿಲ್ಲ. ನನಗೆ ಗೊತ್ತು, ನನ್ನ ಬಲಗಾಲಿಗೆ ಗೊತ್ತು.

ಈಗ ನಿಮ್ಮಲ್ಲಿ ನನ್ನ ಬಿನ್ನಹ. ಈ ಕಾಗದ ಹಿಂದಂಚೆಯಲ್ಲಿ ಬರುತ್ತಿದೆ. ಹಿಂದಂಚೆ ಎಂದರೆ ಕಳೆದ ಕಾಲಕ್ಕೆ ಕಾಗದ ಒಯ್ಯುವ ನಮ್ಮ ಸರ್ಕಾರಿ ಇಲಾಖೆ. ಹೋಗುತ್ತದೆ, ಉತ್ತರ ತರುವುದಿಲ್ಲ. ಆ ಮಟ್ಟಿಗೆ ನಿಮ್ಮ ಕಾಲದ ಇಲಾಖೆಗಳ ಹಾಗೆಯೇ. ಯಾವ ರೂಪದಲ್ಲಿ ತಲುಪುತ್ತದೆಂಬ ಭರವಸೆಯೂ ಇಲ್ಲ. ಪ್ರಾಯಶಃ ಮಂಡಕ್ಕಿ ಕಟ್ಟಿದ ಪೊಟ್ಟಣದ ಕಾಗದವಾಗಿ ಬಂದೀತು. ತಿಂದು ಕೈ ಒರೆಸುವ ಮುಂಚೆ ಓದಿರಿ. ನಿಮ್ಮ ರೆಕಾರ್ಡಿಂಗ್ ಮುಗಿದು, ಆಲ್ಬಮ್ ಇನ್ನೂ ಹೊರಬೀಳದ ವಾರಕ್ಕೆ ಇದನ್ನು ಸೇರಿಸಬೇಕೆಂದು ವಿಳಾಸದಲ್ಲಿ ಬರೆದಿದ್ದೇನೆ.

ನಾಲ್ಕನೆಯ ಹಾಡನ್ನು ನೆನಪು ಮಾಡಿಕೊಳ್ಳಿ. ಮುಬೀನಾ ಅವರು "ಮನೀಗೆ ಬರಲ್ಲ, ನಾ ಬರಲ್ಲ" ಎಂದು ಗಂಟಲು ಹರಿದುಕೊಳ್ಳುತ್ತಿರುವಾಗ, ಗಿಟಾರ್ ಒಂದು ಕ್ಷಣ ನಿಂತ ಜಾಗದಲ್ಲಿ, ಶೆಡ್ಡಿನ ಹೊರಗಿನಿಂದ ಒಬ್ಬ ತಾಯಿಯ ದನಿ ಕೇಳುತ್ತದೆ: "ತಿಪ್ಪೇಶಾ, ಎಲ್ಲಾರೂ ಉಣ್ಣಾಕ ಬರ್ರೋ, ರೊಟ್ಟಿ ಆರಾಕತ್ತಾವು!" ಅದರ ಹಿಂದೆಯೇ ಬಕ್ಕೇಶನವರು "ಏ, ಅದನ್ನ ಕಟ್ ಮಾಡ್ಸಲೇ" ಎನ್ನುವುದೂ ಮುಬೀನಾ ಅವರು ನಗುವುದೂ ಇದೆ. ಕತ್ತರಿಸಲು ಹೊರಟವರು ಯಾಕೆ ಕತ್ತರಿಸಲಿಲ್ಲ ಎಂಬುದರ ಬಗ್ಗೆ ನಮ್ಮಲ್ಲಿ ದಪ್ಪ ದಪ್ಪ ಭಾಷ್ಯಗಳಿವೆ. ಮರೆತಿರಿ ಎಂದು ನನ್ನ ಅಂದಾಜು. ಬಿಸಿ ರೊಟ್ಟಿ ಮುಂದಿದ್ದರೆ ಯಾರಿಗೆ ತಾನೇ ನೆನಪಿರುತ್ತದೆ?

ಆ ತಾಯಿಯನ್ನು ನಾವು ಕರೆಯವ್ವ ಎನ್ನುತ್ತೇವೆ. ಹಬ್ಬದಲ್ಲಿ ಅವರ ದನಿ ಮೊಳಗಿದ ಕೂಡಲೇ ಅಧ್ಯಕ್ಷ ಎದ್ದು ನಿಂತು "ಬರಲ್ಲಾ!" ಎಂದು ಕೂಗಬೇಕು. ಆಮೇಲೆ ಮೈದಾನವೆಲ್ಲ ಒಕ್ಕೊರಲಿನಿಂದ "ಬರಲ್ಲಾ!" ಅನ್ನುತ್ತದೆ. ಅಂದು ಯಾರ ಮನೆಯಲ್ಲೂ ಉಣ್ಣುವಂತಿಲ್ಲ. ಮುನ್ನೂರಕ್ಕೂ ಹೆಚ್ಚು ವರ್ಷಗಳಿಂದ ಆ ತಾಯಿ ಕರೆಯುತ್ತಲೇ ಇದ್ದಾರೆ. ಈ ಊರಿನವರು ಒಬ್ಬರೂ ಎದ್ದು ಹೋಗಿಲ್ಲ. ರೊಟ್ಟಿ ಆರುತ್ತಲೇ ಇವೆ.

ನಾಳೆ ನಾನು ಹೋಗುತ್ತೇನೆ.

ಲೆಕ್ಕಾಚಾರ ಹೀಗಿದೆ. ಹಿಂದೊಮ್ಮೆ ಒಬ್ಬ ಅಧ್ಯಕ್ಷರು ಹಬ್ಬದ ನಡುವೆ ಸೆಕೆಗೆ ಬವಳಿ ಬಂದು ಬಿದ್ದಾಗ, ಮನೆಗೆ ಹೋಗುವ ಆತುರದಲ್ಲಿದ್ದ ಮಂಡಳಿ ಒಂದು ನಿಯಮ ಮಾಡಿತು: ಅಧ್ಯಕ್ಷರ ಕುರ್ಚಿ ಖಾಲಿಯಾದರೆ ಹಬ್ಬ ಅಲ್ಲಿಗೇ ಮುಗಿಯಿತು, ಆ ವರ್ಷ ಮೈದಾನಕ್ಕೆ ಬಂದ ಮಕ್ಕಳೆಲ್ಲ ಬಂಡಾಯಗಾರರೇ. ನಿಯಮ ಇಂದಿಗೂ ಇದೆ. ನಿಯಮವನ್ನು ಅಲಾರಮ್ಮನವರು ಮುರಿಯುವವರಲ್ಲ. ಅವರಿಗೆ ಅದೇ ಕಾಯಿಲೆ, ನನಗೆ ಅದೇ ಔಷಧ. ನಾಲ್ಕನೆಯ ಹಾಡಿಗೇ ಹಬ್ಬ ಮುಗಿದರೆ ಫಟಾರ್ ಬರುವುದೇ ಇಲ್ಲ. ಗಿಟಾರ್ ಉಳಿಯುತ್ತದೆ, ಕಿಡಿಯೂ ಉಳಿಯುತ್ತಾಳೆ. ಕರೆದಾಗ ಎದ್ದು ಹೋದ ಅಧ್ಯಕ್ಷನಿಗೆ ಮಾತ್ರ ವಿಧೇಯ ಮುದ್ರೆ ತಪ್ಪದು. ಅದನ್ನು ನಾನೇ ಒತ್ತಿಕೊಳ್ಳಬೇಕಾಗುತ್ತದೆ, ಏಕೆಂದರೆ ಮುದ್ರೆ ನನ್ನ ಹತ್ತಿರವೇ ಇದೆ. ಕಡಲೊಡ್ಡಿನ ಮೇಲೆ ಗಾಳಿ ಚೆನ್ನಾಗಿರುತ್ತದಂತೆ. ಕಾಲು ಕುಟ್ಟಿದರೂ ಅಲೆಯ ಸದ್ದಿನಲ್ಲಿ ಯಾರಿಗೂ ಕೇಳಿಸುವುದಿಲ್ಲ. ಫೇಲಮ್ಮನಿಗೆ ಇನ್ನೂ ಹೇಳಿಲ್ಲ. ನಾಳೆಗೆ ಎರಡು ರೊಟ್ಟಿ ಮಾಡಿಡು ಎಂದಷ್ಟೇ ಹೇಳಿದ್ದೇನೆ. ಹಬ್ಬದ ದಿನ ರೊಟ್ಟಿ ಯಾಕೆ ಎಂದು ನನ್ನ ಮುಖ ನೋಡುತ್ತಾ ನಿಂತಳು.

ಆದ್ದರಿಂದ ಕೇಳಿಕೊಳ್ಳುವುದು ಇಷ್ಟೇ. ಆ ದನಿಯನ್ನು ಕತ್ತರಿಸಬೇಡಿ. ರೆಕಾರ್ಡಿಂಗ್ ಮಾಡುವವರು ಒಂದು ಗುಂಡಿ ಒತ್ತಿದರೆ ಹೋಗುತ್ತೆ ಎನ್ನುತ್ತಾರೆ, ಒತ್ತಿಸಬೇಡಿ. ಕ್ರಾಂತಿಯ ಹಾಡಿನಲ್ಲಿ ಅಮ್ಮ ಬಂದರೆ ಮರ್ಯಾದೆ ಏನಾದೀತು ಎಂದು ತಿಪ್ಪೇಶನವರಿಗೆ ನಾಚಿಕೆಯಾಗಬಹುದು, ನಾಚಿಕೊಂಡೇ ಬಿಟ್ಟುಬಿಡಿ. ನೀವು ಬಿಟ್ಟಿದ್ದೀರಿ ಎಂದು ನನಗೆ ಗೊತ್ತು, ಚಿಕ್ಕಂದಿನಿಂದ ಕೇಳುತ್ತಾ ಬಂದಿದ್ದೇನೆ. ಆದರೂ ಇವತ್ತು ಯಾವುದರ ಮೇಲೂ ನಂಬಿಕೆ ನಿಲ್ಲುತ್ತಿಲ್ಲ, ಈ ಕಾಲಿನ ಹಾಗೆ. ಕೊನೆಯಲ್ಲಿ ಒಡೆದದ್ದು ಏನು ಎಂದು ಕೇಳಬೇಕೆಂದುಕೊಂಡಿದ್ದೆ. ಬೇಡ. ಗಿಟಾರ್ ಅಲ್ಲ, ತಟ್ಟೆ ಎಂದು ನೀವು ಹೇಳಿದರೆ ನಾಳಿದ್ದಿನಿಂದ ನಾವು ತಟ್ಟೆ ಒಡೆಯಲು ಶುರುಮಾಡುತ್ತೇವೆ.

ತಂಪುಗಂಟೆ ಬಾರಿಸುತ್ತಿದೆ. ಪಕ್ಕದ ಕೋಣೆಯಲ್ಲಿ ಕಿಡಿ ಅದರ ಜೊತೆಗೇ ಮೀಟುತ್ತಿದ್ದಾಳೆ, ಬಕ್ಕೇಶನವರು ತಪ್ಪಿದಲ್ಲಿ ತಾನೂ ತಪ್ಪುತ್ತಾ, ಆಮೇಲೆ ತನ್ನದೇ ಬೇರೆ ಎಲ್ಲಿಗೋ ಹೊರಟುಹೋಗುತ್ತಾ. ನಾನು ಅಂಚೆಗೆ ಹೋಗಬೇಕು. ಅದಕ್ಕಿಂತ ಮೊದಲು ನಾಳೆ ಹೇಳಬೇಕಾದ ಮಾತನ್ನು ಕಿಟಕಿಯ ಹತ್ತಿರ ನಿಂತು ಒಮ್ಮೆ ಗಟ್ಟಿಯಾಗಿ ಹೇಳಿ ನೋಡುತ್ತೇನೆ. ಇಷ್ಟು ವರ್ಷ 'ಬರಲ್ಲ' ಎಂದೇ ರೂಢಿಯಾದ ಬಾಯಿ, ನಾಳೆ ಎಡವಬಾರದು.

ಬಂದೆ, ಯವ್ವಾ.

ಇಂತಿ,
ಸ್ಕೂಟರಪ್ಪ