ಕಲ್ಲು ಕದಲಿಸಿದ ಮೇಲೆ

ತುಮಕೂರು
ಬುಧವಾರ, 12 ಫೆಬ್ರವರಿ 2025

ಮಗಳು ವಿಭಾಳಿಗೆ,

ನೀನು ಕುಣಿಗಲ್‌ಗೆ, ಚಿಕ್ಕಮ್ಮನ ಮನೆಗೆ ಹೋಗಿ ಇಂದಿಗೆ ಹತ್ತೊಂಬತ್ತು ದಿನ. ಫೋನ್ ಎತ್ತುತ್ತಿಲ್ಲ. ಅದಕ್ಕೇ ಈ ಕಾಗದ. ಇದನ್ನು ಬರೆಯುವಾಗಲೂ ನಾಲ್ಕು ಸಲ ಎದ್ದಿದ್ದೇನೆ.

ಮೊದಲು ನಿನ್ನ ಮೀನುಗಳ ವಿಷಯ. ನೀರಿನ ಉಪ್ಪು, ಶಾಖ ಎರಡೂ ನೀನು ಬರೆದಿಟ್ಟ ಅಳತೆಯಲ್ಲೇ ಇವೆ. ಕೆಂಪು ಏಂಜೆಲ್, ನೇರಳೆ ಏಂಜೆಲ್ ಈಗ ಒಂದೇ ಕಲ್ಲಿನ ಪಾಚಿ ಮೇಯುತ್ತವೆ. ಡಿಸೆಂಬರ್‌ನಲ್ಲಿ ನೇರಳೆಯದನ್ನು ತಂದಾಗ ಕೆಂಪು ಮೀನು ಅದರ ಬಾಲವನ್ನೇ ಹರಿದಿತ್ತು. ಅಂಗಡಿಯ ಚೈತನ್ಯ ಹೇಳಿದ್ದು ನೆನಪಿದೆಯಲ್ಲ: "ಹಳೇದಕ್ಕೆ ಟ್ಯಾಂಕೆಲ್ಲಾ ನಂದೇ ಅಂತ ಗತ್ತು ಸಾರ್. ಕಲ್ಲೆಲ್ಲಾ ಕದಲಿಸ್ಬುಡಿ. ಯಾವ್ದು ಯಾರ ಜಾಗ ಅಂತ ಎರಡಕ್ಕೂ ಗೊತ್ತಾಗ್ಬಾರ್ದು." ನಾವಿಬ್ಬರೂ ಸೇರಿ ಕದಲಿಸಿದೆವು. ಎರಡೇ ದಿನದಲ್ಲಿ ಜಗಳ ನಿಂತಿತು.

ನನ್ನ ತಪ್ಪು ಅಲ್ಲಿಂದಲೇ ಶುರುವಾಯಿತು. ಕೌಸಲ್ಯಮ್ಮನವರನ್ನು ಮದುವೆಯಾಗಿ ಗುಬ್ಬಿಯಿಂದ ಕರೆತರುವ ಹಿಂದಿನ ದಿನ, ನೀನು ಕೆಲಸಕ್ಕೆ ಹೋಗಿದ್ದಾಗ, ಮನೆಯಲ್ಲೂ ಅದನ್ನೇ ಮಾಡಿದೆ. ನಿನ್ನ ಮಂಚ ಹಿಂದಿನ ರೂಮಿಗೆ ಹೋಯಿತು. ತೀರಿಕೊಂಡ ನಿನ್ನಮ್ಮನ ಹೊಲಿಗೆ ಮಷೀನ್ ಮಹಡಿಯ ಸಾಮಾನಿನ ಕೋಣೆ ಸೇರಿತು. ಹಳಬರು, ಹೊಸಬರು ಎಂಬುದೇ ಇರಬಾರದು ಎಂದುಕೊಂಡಿದ್ದೆ. ನೀನು ಬಾಗಿಲಲ್ಲೇ ನಿಂತು, "ಅಪ್ಪಾ, ನಾನೇನ್ ಮೀನಾ?" ಅಂದೆ. ನಾನು ನಕ್ಕೆ. ನಗಬಾರದಿತ್ತು. ಒಂದು ವಾರ ಹೇಗೋ ಇದ್ದು ನೀನು ಹೊರಟೆ.

ಎರಡು ಸಲ ಕುಣಿಗಲ್ ಬಸ್ಸು ಹತ್ತಿದೆ. ಎರಡು ಸಲವೂ ಹೆಬ್ಬೂರಿನಲ್ಲಿ ಇಳಿದು ವಾಪಸ್ ಬಂದೆ. ಅಲ್ಲಿಗೆ ಬಂದು ನಿನಗೆ ಏನು ಹೇಳಲಿ ಎಂದು ಹೊಳೆಯಲಿಲ್ಲ.

ಈಗ ಮಷೀನ್ ಕಿಟಕಿಯ ಪಕ್ಕ, ತನ್ನ ಜಾಗದಲ್ಲೇ ಇದೆ. ಮಂಚವೂ ನಿನ್ನ ರೂಮಿಗೆ ಬಂದಿದೆ. ಕೌಸಲ್ಯಮ್ಮ ಆರಾಮವಾಗಿದ್ದಾರೆ, ಮನೆಗೆ ಹೊಂದಿಕೊಂಡಿದ್ದಾರೆ. ಭಾನುವಾರ ಟ್ಯಾಂಕಿನ ನೀರು ಬದಲಿಸಬೇಕು. ಒಬ್ಬನ ಕೈಯಲ್ಲಿ ಆಗುವ ಕೆಲಸವಲ್ಲ. ಬಾ.

ನಿನ್ನ ದಾರಿ ಕಾಯುತ್ತಿರುವ
ಅಪ್ಪ,
ಯೋಗನರಸಿಂಹ

ಮರೆತ ಮಾತು: ಮಷೀನ್ ಇಳಿಸಿದ್ದು ನಾನಲ್ಲ. ಪಕ್ಕದ ಮನೆಯ ಮಹಾಲಿಂಗಯ್ಯನವರನ್ನು ಕರೆದು ಕೌಸಲ್ಯಮ್ಮನೇ ಇಳಿಸಿದರು. "ಕಾಲಿನ ಗುರುತು ನೆಲದ್ ಮೇಲೇ ಇದ್ಯಲ್ರೀ, ಅಲ್ಲೇ ಇಡಿ" ಅಂದರಂತೆ. ಈ ಕಾಗದಕ್ಕೆ ಕವರ್ ಹುಡುಕಲು ಈಗ ಮಹಡಿಗೆ ಹೋಗಿದ್ದೆ. ಮಷೀನ್ ಇದ್ದ ಮೂಲೆಯಲ್ಲಿ ಕೌಸಲ್ಯಮ್ಮನ ದೊಡ್ಡ ಸೂಟ್‌ಕೇಸ್ ಇದೆ. ಬಂದ ದಿನ ಕಟ್ಟಿದ್ದ ಹಗ್ಗ ಹಾಗೆಯೇ ಇದೆ. ಹೊಂದಿಕೊಂಡಿದ್ದಾರೆ ಎಂದು ಮೇಲೆ ಬರೆದದ್ದನ್ನು ಹೊಡೆದುಹಾಕಿಕೊ. ಯಾಕೆ ಬಿಚ್ಚಿಲ್ಲ ಎಂದು ಕೇಳಿದೆ. "ಮಗು ಬಂದು 'ಇರಿ' ಅನ್ಲಿ, ಆಮೇಲೆ ಬಿಚ್ತೀನಿ" ಅಂದರು.