ಚೂಡಾಮಣಿಯ ನಾನೂರು ವಾಕ್ಯ

10 ನವೆಂಬರ್, ಸೋಮವಾರ. ಬೆಳಿಗ್ಗೆ 11

ಮತ್ತೆ ಆಫ್. ಮೂರನೇ ಸಲ. ನಲವತ್ತು ನಿಮಿಷ ಓಡಿತ್ತು. ಫ್ಯಾನ್ ಜೋರಾಯ್ತು, ಸ್ಕ್ರೀನ್ ಕಪ್ಪಗಾಯ್ತು, ತಾನೇ ರೀಸ್ಟಾರ್ಟ್. ಮೇಲ್ ನೋಡೋಕೆ, ಪೇಪರ್ ಓದೋಕೆ ಏನೂ ತೊಂದ್ರೆ ಇಲ್ಲ. ದೊಡ್ಡ ಕೆಲಸ ಕೊಟ್ರೆ ಮಾತ್ರ ಸಾಯುತ್ತೆ, ಮುಂಡೇದು.

21ಕ್ಕೆ ಚೂಡಾಗೆ ಆಪರೇಷನ್. ಗಂಟಲಲ್ಲಿ ಗಂಟು. ಧ್ವನಿಪೆಟ್ಟಿಗೆ ಪೂರ್ತಿ ತೆಗೀತಾರೆ. ಆಮೇಲೆ ನನ್ನ ಹೆಂಡತಿಗೆ ಮಾತಿಲ್ಲ. ಬರೆದಾಯ್ತು, ಆದ್ರೂ ಒಳಗಿಳೀತಿಲ್ಲ.

ನಾನೂರು ವಾಕ್ಯ ಅವಳ ಕೈಲಿ ಓದಿಸಿ ರೆಕಾರ್ಡ್ ಮಾಡಿದೀನಿ. ಅಳಿಯನ ಗೇಮಿಂಗ್ ಕಂಪ್ಯೂಟರ್ ಮಹಡಿ ರೂಮಿಗೆ ಬಂದಿದೆ. ಅದು ಆ ದನಿ ಕಲಿತ್ರೆ, ಮುಂದೆ ಅವಳು ಟೈಪ್ ಮಾಡಿದ್ದನ್ನ ಅವಳ ದನೀಲೇ ಹೇಳುತ್ತೆ. ಕಲಿಯೋಕೆ ಆರು ಗಂಟೆ ಬಿಡದೆ ಓಡ್ಬೇಕು. ಸರಿಯಾಗಿ ಬರ್ಲಿಲ್ಲ ಅಂದ್ರೆ ಇನ್ನಷ್ಟು ಓದಿಸ್ಬೇಕು — ಅದೂ 21ರ ಒಳಗೇ.

11, ಮಂಗಳವಾರ

ಮಗಳು ಸಮನ್ವಿತಾ ಫೋನ್ ಮಾಡಿದ್ಲು, ಬಿಟಿಎಂನಿಂದ. "ಅಪ್ಪಾ, ಆ ರೆಕಾರ್ಡಿಂಗ್ ಆನ್‌ಲೈನ್‌ನಲ್ಲಿ ಹಾಕಿದ್ರೆ ಅರ್ಧ ದಿನದ ಕೆಲಸ. ಯಾಕಿಷ್ಟು ಹಠ?"

ನಿಮ್ಮಮ್ಮನ ದನಿ ಯಾವನೋ ಕಂಪನಿಯವನ ಕೈಗೆ ಕೊಡಲ್ಲ ಅಂದೆ. ಫ್ಯಾಕ್ಟರಿ ಟೆಸ್ಟಿಂಗ್ ಸೆಕ್ಷನ್‌ನಲ್ಲಿ ಮೂವತ್ತೊಂದು ವರ್ಷ ಸವೆದೋನು ನಾನು. ಒಂದು ಕಂಪ್ಯೂಟರ್ ಸರಿ ಮಾಡೋಕಾಗಲ್ವಾ? ಒಂದು ಸಲಕ್ಕೆ ಒಂದೇ ಬದಲಾವಣೆ. ಮಾಡು, ಓಡಿಸು, ಬರ್ಕೋ.

ಧೂಳು ತೆಗೆದೆ. ಒಂದು ಹಿಡಿ ಬಂತು. 43ನೇ ನಿಮಿಷಕ್ಕೆ ಆಫ್.

ಚೂಡಾ ಕಾಫಿ ತಂದು ಬಾಗಿಲಲ್ಲೇ ನಿಂತಳು. ದನಿ ಗೊಗ್ಗರು. "ರೀ, ಕೆಳಗೆ ಬನ್ನಿ. ಸ್ವಲ್ಪ ಹೊತ್ತು ಕೂತು ಮಾತಾಡೋಣ." ಗಂಟಲಿಗೆ ಆಯಾಸ ಮಾಡ್ಕೋಬೇಡ, ಹೋಗಿ ಮಲಗು ಅಂತ ಗದರಿ ಕಳಿಸ್ದೆ.

13, ಗುರುವಾರ

ಪ್ರೊಸೆಸರ್‌ಗೆ ಶಾಖ ಎಳೆಯೋ ಹೊಸ ಪೇಸ್ಟ್ ಹಚ್ಚಿದೆ. ಮುಚ್ಚಳ ಬಿಚ್ಚಿಟ್ಟು ಟೇಬಲ್ ಫ್ಯಾನ್ ತಿರುಗಿಸಿದೆ. ಶಾಖ ಇಳೀತು. ಆದ್ರೂ 38ನೇ ನಿಮಿಷಕ್ಕೆ ಆಫ್. ಅಂದ್ರೆ ಶಾಖ ಅಲ್ಲ.

ಒಳಗೆಲ್ಲ ಕರೆಂಟ್ ಹಂಚೋ ಎಸ್‌ಎಂಪಿಎಸ್ ಅಳೆದೆ. 12.1 ವೋಲ್ಟ್. ಕರೆಕ್ಟಾಗಿದೆ. ಟಿಕ್ ಹಾಕಿದೆ.

ಸಂಜೆ ಜಯನಗರ ಕಾಂಪ್ಲೆಕ್ಸ್ ಕಡೆ ಹೋಗಿಬರೋಣ್ವಾ ಅಂದಳು. ಅಯ್ಯೋ, ಇದನ್ನ ಬಿಟ್ಟು ಹೇಗೆ ಬರ್ಲಿ ಕಣೇ, ಯಾರಿಗೋಸ್ಕರ ಒದ್ದಾಡ್ತಿದೀನಿ ಅಂದೆ. ಸೀರೆ ಉಟ್ಟು ರೆಡಿಯಾಗಿದ್ದಳು ಅಂತ ಆಮೇಲೆ ಗೊತ್ತಾಗಿದ್ದು.

15, ಶನಿವಾರ. ಮಧ್ಯಾಹ್ನ 3

ರ್‍ಯಾಮ್ ಟೆಸ್ಟ್ ಹಾಕಿದೀನಿ. ಏಳು ಗಂಟೆ ಹಿಡಿಯುತ್ತಂತೆ.

ಕೆಳಗೆ ಯಾರ ಜೊತೆಗೋ ಮಾತು ಕೇಳಿಸ್ತು. ಇಳಿದು ನೋಡಿದ್ರೆ ಒಬ್ಬಳೇ. ದೀಪದ ಬತ್ತಿ ಹೊಸೀತಾ ಮಾತಾಡ್ತಿದಾಳೆ.

"ಯಾರ ಜೊತೆ?"

"ನನ್ನ ಜೊತೆ ನಾನೇ. ಮಿಕ್ಕಿರೋದನ್ನ ಖಾಲಿ ಮಾಡ್ಕೋತಿದೀನಿ."

ಟೆಸ್ಟ್ ನೋಡ್ಬೇಕು ಅಂತ ಮೇಲೆ ಬಂದೆ. ರಾತ್ರಿ ಹತ್ತಕ್ಕೆ ಮುಗೀತು. ರ್‍ಯಾಮ್ ಚೆನ್ನಾಗೇ ಇದೆ.

18, ಮಂಗಳವಾರ

ಗ್ರಾಫಿಕ್ಸ್ ಕಾರ್ಡ್ ಬದಲಾಯಿಸಿ ನೋಡಿದೆ. ಜೆ.ಪಿ. ನಗರದ ಕಂಪ್ಯೂಟರ್ ಅಂಗಡಿ ದೇವರಾಜ್ ಕೊಟ್ಟಿದ್ದು. 40ನೇ ನಿಮಿಷಕ್ಕೆ ಆಫ್.

ಮೂರೇ ದಿನ. ಭಯ ಆಗ್ತಿದೆ.

19, ಬುಧವಾರ

ದೇವರಾಜ್ ಮನೆಗೇ ಬಂದ.

"ಅಂಕಲ್, ಎಸ್‌ಎಂಪಿಎಸ್ ನೋಡಿದ್ರಾ?"

"ಮೊದಲೇ ಅಳೆದೆ. 12.1."

"ಕೆಲಸ ಮಾಡ್ತಿದ್ದಾಗ ಅಳೆದ್ರಾ, ಸುಮ್ನಿದ್ದಾಗ ಅಳೆದ್ರಾ?"

ಓಡಿಸಿ ಮೀಟರ್ ಹಿಡಿದ್ವಿ. 11.6... 11.3... ಹನ್ನೊಂದಕ್ಕೆ ಇಳೀತು, ಆಫ್.

ಲೋಡ್ ಕೊಟ್ಟು ಅಳೀರಯ್ಯಾ ಅಂತ ಮೂವತ್ತೊಂದು ವರ್ಷ ಫ್ಯಾಕ್ಟರೀಲಿ ಎಲ್ಲರಿಗೂ ಬೈದೋನು ನಾನು! ಸುಮ್ನಿದ್ದಾಗ ಅಳೆದು ಟಿಕ್ ಹಾಕಿದೀನಿ. ಆರು ದಿನ ಮಣ್ಣುಪಾಲು. ದೇವರಾಜ್ ಹೊಸದು ಹಾಕಿ ಹೋದ. ಬೈಲಿಲ್ಲ, ನಗ್ಲಿಲ್ಲ. ಅದೇ ಜಾಸ್ತಿ ಚುಚ್ತು.

20, ಗುರುವಾರ. ಆಸ್ಪತ್ರೆ, ಸಂಜೆ 7

ಬೆಳಿಗ್ಗೆ ಐದಕ್ಕೆ ಹಾಕಿದ್ದು, ಹನ್ನೊಂದೂವರೆಗೆ ಮುಗೀತು. ಒಂದು ಸಲಾನೂ ನಿಲ್ಲಲಿಲ್ಲ. ಟೈಪ್ ಮಾಡಿದೆ, ಚೂಡಾ ದನಿ ಬಂತು. ಅದೇ ಗೊಗ್ಗರು, ಅದೇ ಎಳೆದು ಹೇಳೋ ರಾಗ. ಮಹಡಿಯಲ್ಲಿ ಒಬ್ಬನೇ ಕೂತು ಅತ್ತುಬಿಟ್ಟೆ.

ಅವಳು ಕೆಳಗೆ ಬ್ಯಾಗ್ ತುಂಬ್ತಿದ್ದಳು. ಕರೆದು ಕೇಳಿಸಿದೆ. "ಚೆನ್ನಾಗಿದೆ ರೀ" ಅಂದಳು. ಅಷ್ಟರಲ್ಲಿ ಸಮನ್ವಿತಾ ಕಾರು ತಂದಳು.

ಕಾರಲ್ಲಿ ಚೂಡಾ ಏನೋ ಹೇಳ್ತಾನೇ ಇದ್ದಳು. ಹತ್ತು ದಿನದ ಸುಸ್ತು, ನಂಗೆ ನಿದ್ದೆ ಬಂದ್ಬಿಡ್ತು. ಎಚ್ಚರ ಆದಾಗ ಆಸ್ಪತ್ರೆ ಗೇಟು. ಬಿಪಿ ನೋಡಿದ್ರು, ರಕ್ತ ತಗೊಂಡ್ರು. ಒಳಗೆ ಅವಳ ಜೊತೆ ಒಬ್ಬರೇ ಇರ್ಬೇಕು ಅಂದ್ರು. ಮಗಳು ಇದಾಳೆ.

6 ಡಿಸೆಂಬರ್, ಶನಿವಾರ. ಸಂಜೆ 4

ಮನೆ. ಮೂಗಿನ ಟ್ಯೂಬ್ ತೆಗೆದಿದಾರೆ. ಕತ್ತಲ್ಲಿ ತೂತು, ಅದರಲ್ಲೇ ಉಸಿರಾಟ. ನೋಡೋಕಾಗಲ್ಲ. ನೋಡ್ತೀನಿ.

ದನಿಯನ್ನ ಲ್ಯಾಪ್‌ಟಾಪ್‌ಗೆ ಹಾಕಿ ಅವಳ ತೊಡೆ ಮೇಲಿಟ್ಟೆ. ಎಷ್ಟು ಹೆಮ್ಮೆ ನಂಗೆ. ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು. ಹತ್ತು ನಿಮಿಷ ಹಿಡೀತು. ಆಮೇಲೆ ಹೇಳ್ತು, ಅವಳದೇ ದನೀಲಿ:

"ಆ ಹತ್ತು ದಿನ ನನ್ನ ಬಾಯಲ್ಲಿ ಮಾತಿತ್ತು. ನೀವು ಮಹಡಿ ಮೇಲಿದ್ರಿ. ಈಗ ನೀವು ಮಾತಾಡಿ. ನಾನು ಕೇಳ್ತೀನಿ."

ಕೋಪ ಇರ್ಲಿಲ್ಲ ಮುಖದಲ್ಲಿ. ಪಕ್ಕದ ಕುರ್ಚಿ ತಟ್ಟಿದಳು. ಕೂತೆ. ತಪ್ಪಾಯ್ತು ಅನ್ಬೇಕಿತ್ತು. ನೀನಿಲ್ದೆ ನಂಗೇನೂ ಬರಲ್ಲ ಅನ್ಬೇಕಿತ್ತು. ಕೊನೆಗೆ — ಏನ್ ಮನುಷ್ಯನೋ ನಾನು — ಆ ಎಸ್‌ಎಂಪಿಎಸ್ ವಿಷಯ ಹೇಳೋಕೆ ಶುರು ಮಾಡ್ದೆ. ಲೋಡ್ ಬಿದ್ದಾಗ ವೋಲ್ಟೇಜ್ ಹೇಗೆ ಇಳಿಯುತ್ತೆ ಅಂತ.

ಅವಳಿಗೆ ನಗು ಬಂತು. ಭುಜ ಕುಣೀತು, ಕಣ್ಣಲ್ಲಿ ನೀರು ಬಂತು. ಸದ್ದು ಮಾತ್ರ ಇಲ್ಲ.

ಲ್ಯಾಪ್‌ಟಾಪ್‌ನಲ್ಲಿ ಎಲ್ಲ ಹುಡುಕಿದೆ. ನಾನೂರು ವಾಕ್ಯ ಓದಿಸಿದೀನಿ ಅವಳ ಕೈಲಿ. ಒಂದೇ ಒಂದು ಸಲಾನಾದ್ರೂ ಅವಳನ್ನ ನಗ್ಸಿ ಆ ನಗು ರೆಕಾರ್ಡ್ ಮಾಡ್ಲಿಲ್ಲ.