ನಾನು ಓದಿ ಹೇಳಿದ ಕಾಗದ

13 ಆಗಸ್ಟ್ 2006, ಭಾನುವಾರ

ಚೂಡಿದಾರ್ ಮೂರನೇ ಸಲ ಜಾಲಿಸಿದೆ. ಇನ್ನೂ ಕೆಂಪು ನೀರು. ಸಂಡೂರು ರಸ್ತೆ ಮೇಲೆ ಅದಿರು ಲಾರಿಗಳ ಧೂಳು ನಿಲ್ಲೋದೇ ಇಲ್ಲ. ನಾಳೆ ಅಕೌಂಟೆನ್ಸಿ ಟೆಸ್ಟ್, ಏನೂ ಓದಿಲ್ಲ.

ಅಜ್ಜಿಯ ಮಗ ಹಂಪೇಶ್ ಮಾಮ ಬಂದಿದ್ದ. ಅಜ್ಜಿ ತನ್ನ ಎರಡೆಕರೆ ಹೊಲಾನ ಅವ್ವನಿಗೆ ವಿಲ್ ಬರೀಬೇಕಂತೆ. ಅಪ್ಪ ಹೋದಮೇಲೆ ಅದನ್ನು ಮಾಡ್ತಿರೋದು ಅವ್ವನೇ. ಮಾಮ ಅಂದ: “ಎಲ್ಲಾ ನಾ ಮಾಡಿಸ್ತೀನಿ. ನೀ ಸುಮ್ನ ಕುಂದ್ರಬೇ ಯವ್ವಾ.”

16 ಆಗಸ್ಟ್

ಸಬ್-ರಿಜಿಸ್ಟ್ರಾರ್ ಆಫೀಸ್. ಐದು ಪೇಜು, ಇಂಗ್ಲಿಷು. ಜನರಲ್ ಪವರ್ ಆಫ್ ಅಟಾರ್ನಿ. ವಿಲ್ ಎಲ್ಲಿ ಅಂತ ಮಾಮನ್ನ ಕೇಳಿದೆ.

“ಅದು ಆಮ್ಯಾಲ. ಅಜ್ಜಿ ಬದ್ಲಿ ನಾ ಆಫೀಸು ಓಡಾಡಾಕ ಮೊದ್ಲು ಇದು ಬೇಕು.”

ಅಜ್ಜಿ ನನ್ನ ಕಡೆ ತಿರುಗಿದಳು. “ನೀ ಓದಲೇ ಸುನಿ. ಇಂಗ್ಲಿಷ್ ಸಾಲಿ ಹಾಸ್ಟೆಲ್‌ನ್ಯಾಗ ಏಳು ವರ್ಷ ಸುಮ್ನ ಇಟ್ಟಿದ್ವೇನು?”

ಬೆಂಚಿನವರೆಲ್ಲ ನಕ್ಕರು. ಓದಿದೆ. ಜೋರಾಗಿ, ಫುಲ್ ಸ್ಟೈಲಲ್ಲಿ. ಅರ್ಧ ತಿಳೀಲಿಲ್ಲ. ಮೂರನೇ ಪೇಜಲ್ಲಿ ‘ಸೆಲ್’, ಮಾರೋದು, ಅಂತ ಇತ್ತು — ಅದು ತಿಳೀತು. ಕೇಳಿದ್ರೆ ದಡ್ಡಿ ಅಂತಾರೇನೋ ಅಂತ...

“ಸರಿ ಐತಿ ಅಜ್ಜಿ” ಅಂದೆ. ಹೆಬ್ಬೆಟ್ಟು ಒತ್ತಿದಳು. ಸಾಕ್ಷಿ ಅಂತ ನನ್ನ ಸೈನ್. ಹದಿನೆಂಟು ತುಂಬಿದ ಮೇಲೆ ಮೊದಲನೇದು.

19 ಸೆಪ್ಟೆಂಬರ್

ಒಂದು ತಿಂಗಳು ಬರೀಲಿಲ್ಲ. ಬರೆಯೋಕೆ ಕೂತರೆ ಮೂರನೇ ಪೇಜು.

ಬೆಳಿಗ್ಗೆ ನಮ್ಮ ಹೊಲದಲ್ಲಿ ಯಾರೋ ಟೇಪ್ ಹಿಡಿದು ಅಳೀತಿದ್ದರು. ಅದಿರು ಸುರಿಯೋ ಸ್ಟಾಕ್‌ಯಾರ್ಡ್‌ಗೆ ಮಾರೋಕೆ ಮಾಮ ಒಪ್ಪಂದ ಮಾಡ್ಕೊಂಡಿದ್ದಾನಂತೆ. ಪಕ್ಷಮಾಸ ಮುಗೀಲಿ ಅಂತ ಕೊಳ್ಳೋ ಪಾರ್ಟಿ ಕಾಯ್ತಿದೆ. ಸೋಮವಾರ ರಿಜಿಸ್ಟ್ರಿ.

ಬಿಸಿನೆಸ್ ಲಾ ತಗೊಳ್ಳೋ ಶ್ರೀಪತಿ ಸರ್ ಹತ್ರ ಓಡಿದೆ. ಅವರು ಬೈಯಲಿಲ್ಲ, ಅದೇ ಕಷ್ಟ ಆಯ್ತು. ವಿಲ್ ನಡೆಯೋದು ಸತ್ತಮೇಲೆ. ಬದುಕಿರೋವರೆಗೆ ಯಾವಾಗ ಬೇಕಾದ್ರೂ ಬದಲಿಸಬಹುದು. ಬಿಳಿ ಹಾಳೆ ಸಾಕು, ಎದುರಲ್ಲೇ ಇದ್ದು ಸೈನ್ ಮಾಡೋ ಇಬ್ಬರು ಸಾಕ್ಷಿ ಬೇಕು. ಜಿಪಿಎ, ಅಂದ್ರೆ ಆ ಪವರ್ ಆಫ್ ಅಟಾರ್ನಿ, ಸೈನ್ ಆದ ದಿನದಿಂದಲೇ ನಡೆಯುತ್ತೆ. ಮಾರೋದಕ್ಕೆ ಮುಂಚೆ ಅಜ್ಜಿ ರದ್ದು ಮಾಡಬೇಕು.

20 ಸೆಪ್ಟೆಂಬರ್

ಅವ್ವನಿಗೆ, ಅಜ್ಜಿಗೆ ಎಲ್ಲ ಹೇಳಿದೆ, ಮೂರನೇ ಪೇಜಿನದೂ. ಅವ್ವ ರೊಟ್ಟಿ ಬಡಿಯೋದು ನಿಲ್ಲಿಸಲಿಲ್ಲ. ಮುಖಾನೂ ನೋಡಲಿಲ್ಲ.

ಮಾಮನಿಗೆ ಫೋನ್ ಮಾಡಿ ಬೈದೆ. ನಕ್ಕ. “ಓದಿ ಹೇಳಿದಕಿ ನೀನು. ಸೈನ್ ನಿಂದು. ನನಗ್ಯಾಕ ಬೈತಿ?” ಫೋನ್ ಗೋಡೆಗೆ ಎಸೀಬೇಕು ಅನ್ನಿಸ್ತು. ಅವನಿಗಲ್ಲ, ನನಗೇ ಹೊಡ್ಕೋಬೇಕು.

ನಾಳೆನೇ ರದ್ದು ಮಾಡಿ ವಿಲ್ ಬರೆಸೋದು ಅಂದಳು ಅಜ್ಜಿ. ಪಕ್ಷಮಾಸದಲ್ಲಿ ಕಾಗದ-ಪತ್ರ ಮಾಡ್ತಾರಾ ಅಂತ ಪಕ್ಕದ ಮನೆ ಶಾಂತಕ್ಕ ಕೇಳಿದಳು. ಅಜ್ಜಿ: “ಕೊಡಾಕ ಮುಹೂರ್ತ ನೋಡ್ತಾರ. ಉಳಿಸ್ಕೊಳ್ಳಾಕ ಯಾಕ?”

21 ಸೆಪ್ಟೆಂಬರ್, ಆಫೀಸಿನ ಬೆಂಚು, 12.50

ವಿಲ್ ಆಯ್ತು. ಕನ್ನಡದಲ್ಲಿ. ಹೊಲ ಅವ್ವನಿಗೆ. ಸಾಕ್ಷಿ ಶ್ರೀಪತಿ ಸರ್, ಶಾಂತಕ್ಕ. ನಾನಲ್ಲ.

ರದ್ದು ಪತ್ರಕ್ಕೆ ಬಾಂಡ್ ಬರೆಯೋ ಗವಿಸಿದ್ದಪ್ಪ ಕಾರಣ ಕೇಳಿದರು. “ಮಗ ಮೋಸ ಮಾಡ್ಯಾನ ಅಂತ ಬರೀಲೇನಬೇ?”

ಅಜ್ಜಿ ತಲೆ ಅಲ್ಲಾಡಿಸಿದಳು. “ಮಗನ ಹೆಸರು ಬ್ಯಾಡ. ಓದಿದಕಿ ತಪ್ಪು ಓದಿದ್ಲು ಅಂತ ಬರೀರಿ.”

“ಹಂಗಾರ ಹುಡುಗಿ ಒಪ್ಪಿ ಸೈನ್ ಹಾಕ್ಲಿ.”

ನಾನು ತಪ್ಪು ಓದಲಿಲ್ಲ ಅಜ್ಜಿ, ಒಂದಕ್ಷರಾನೂ! ಓದಿ ಬಾಯಿ ಮುಚ್ಕೊಂಡೆ. ಮಾರೋಕೆ ಹೊರಟವನು ಅವನು, ಕಾಗದದಲ್ಲಿ ಕಳ್ಳಿ ನಾನು? ಹೇಳಬೇಕಿತ್ತು. ಅವ್ವ ಕಿಟಕಿ ಹತ್ರ ನಿಂತಿದ್ದಳು, ಸೆರಗಿನ ತುದಿ ಬೆರಳಿಗೆ ಸುತ್ತಿ ಸುತ್ತಿ ಬಿಚ್ಚುತ್ತಾ. ಒಂದು ಗಂಟೆಗೆ ಕೌಂಟರ್ ಬಂದ್.

ಸೈನ್ ಹಾಕಿದೆ. ಪೆನ್ನಿಗೆ ಹಾಳೆ ಸ್ವಲ್ಪ ಹರೀತು.

ಅಜ್ಜಿ ಹೆಬ್ಬೆಟ್ಟು, ಫೋಟೋ, ಸೀಲು — ಎಲ್ಲ ಮುಗೀತು. ಈಗ ಗೇಟಲ್ಲಿ ಮಾಮನ ಬೈಕು. ಯಾರು ಹೇಳಿದರೋ. ಬರ್ತಿದ್ದಾನೆ, ಮುಖ ಕಪ್ಪಿಟ್ಟಿದೆ. ಬಾ, ಇವತ್ತು ನಾನು ಬಿಡಲ್ಲ. ಅಜ್ಜಿ ನನಗಿಂತ ಮೊದಲೇ ಎದ್ದಳು, ಮಸಿ ಬೆರಳು ಸೀರೆಗೆ ಒರೆಸ್ತಾ, “ಉಂಡಿಯೇನಪಾ ಹಂಪಣ್ಣ” ಅಂತ ಅವನ್ನ ಕೇಳ್ತಿದ್ದಾಳೆ.